ಮದ್ದಳೆಗೂ ಸಿನಿಮಾ ಹಾಡಿಗೂ ಒಂದೇ ಸಬ್‌ವೂಫರ್ ಪೆಟ್ಟಿಗೆ

ಶಿವಮೊಗ್ಗ–ತೀರ್ಥಹಳ್ಳಿ ದಾರಿಯಲ್ಲಿ ನಮ್ಮ ಕಾರಿನಲ್ಲಿ ಯಕ್ಷಗಾನ, ಭಾವಗೀತೆ, ಸಿನಿಮಾ ಹಾಡು ಎಲ್ಲಾ ಇರುತ್ತದೆ. ಡಿಕ್ಕಿಯಲ್ಲಿ ಮೊದಲಿದ್ದ ಸಬ್‌ವೂಫರ್ (ತಗ್ಗಿನ ಸದ್ದಿನ ಸ್ಪೀಕರ್) ಪೆಟ್ಟಿಗೆಗೆ ಪೋರ್ಟ್, ಅಂದರೆ ಗಾಳಿ ಆಡುವ ತೂತು ಇತ್ತು. ಅದರಲ್ಲಿ ಸಿನಿಮಾ ಹಾಡು ಜೋರಾಗಿತ್ತು. ಮದ್ದಳೆಯ ಪೆಟ್ಟು ಮಾತ್ರ ಒಂದಕ್ಕೊಂದು ಅಂಟಿಕೊಂಡು ಗುಂಯ್ ಅನ್ನುತ್ತಿತ್ತು. ಪೋರ್ಟ್ ಯಾವ ಫ್ರೀಕ್ವೆನ್ಸಿಗೆ ಟ್ಯೂನ್ ಆಗಿರುತ್ತದೋ ಅದರ ಸುತ್ತಲೇ ಸದ್ದು ಜಾಸ್ತಿ, ಅಲ್ವಾ?

ಅದಕ್ಕೇ ಪೋರ್ಟ್ ಇಲ್ಲದ, ಪೂರ್ತಿ ಮುಚ್ಚಿದ ಸೀಲ್ಡ್ ಪೆಟ್ಟಿಗೆ ಮಾಡಿಸಿದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ ಅಂದೆ, ನಮ್ಮ ಮಳೆಗಾಲದ ಥಂಡಿಗೆ ಅದು ಉಬ್ಬುತ್ತದೆ. 18 ಎಂಎಂ ಮರೈನ್ ಪ್ಲೈವುಡ್, ಒಳಗಿನ ಸಂದಿಗೆಲ್ಲ ಸಿಲಿಕಾನ್. ಗಾತ್ರ ಸ್ಪೀಕರ್ ಜೊತೆ ಬಂದ ಚೀಟಿಯಲ್ಲಿದ್ದಷ್ಟೇ.

ಲೋ-ಪಾಸ್ (ಮೇಲಿನ ಸ್ವರ ಸಬ್‌ವೂಫರ್‌ಗೆ ಹೋಗದಂತೆ ತಡೆಯುವ ಫಿಲ್ಟರ್) 80 ಹರ್ಟ್ಸ್‌ಗೆ ಇಟ್ಟು, ತಗ್ಗಿನ ಸದ್ದು ಹೆಚ್ಚಿಸುವ ಬಾಸ್ ಬೂಸ್ಟ್ ಪೂರ್ತಿ ತೆಗೆದೆ. ಆಮೇಲೆ ಡ್ರೈವರ್ ಸೀಟಿನಲ್ಲೇ ಕೂತು, ಸಬ್‌ವೂಫರ್‌ನ ಸದ್ದಿನ ಅಲೆಯನ್ನು ತಿರುಗಿಸುವ ಫೇಸ್ ಸ್ವಿಚ್ ಎರಡೂ ಕಡೆ (0, 180 ಡಿಗ್ರಿ) ಹಾಕಿಸಿ ಕೇಳಿದೆ. 180 ಡಿಗ್ರಿಯಲ್ಲಿ ಮದ್ದಳೆ ಡಿಕ್ಕಿ ಬಿಟ್ಟು ಮುಂದಿನ ಸ್ಪೀಕರ್ ಹತ್ತಿರ ಬಂತು. ಒಟ್ಟು ಸದ್ದು ಸ್ವಲ್ಪ ಕಮ್ಮಿಯಾಗಿದೆ, ನನಗೆ ಅಡ್ಡಿಲ್ಲ. ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ.