ರಕ್ಷಿಸಿದ ನಾಯಿಯನ್ನು ದತ್ತು ಕೊಡುವುದು ಹೇಗೆ?

ಚಳಿಗಾಲ ಬಂತೆಂದರೆ ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಸುತ್ತಮುತ್ತ, ಹದಡಿ ರಸ್ತೆಯ ಅರ್ಧಂಬರ್ಧ ಕಟ್ಟಡಗಳ ಮರಳು ರಾಶಿಗಳಲ್ಲಿ, ನಿಟುವಳ್ಳಿಯ ಓಣಿಗಳಲ್ಲಿ ನಾಯಿಮರಿಗಳು ಕಾಣಿಸಿಕೊಳ್ಳುತ್ತವೆ. ಯಾರೋ ಕನಿಕರಪಟ್ಟು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಸಂಜೆಯೊಳಗೆ ಇನ್ಯಾರೋ ಬಂದು ಒಯ್ಯುತ್ತಾರೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಹೀಗೆ ಹೋದ ಮರಿಗಳಲ್ಲಿ ಎಷ್ಟೋ ಮರಿಗಳು ಕೆಲವೇ ತಿಂಗಳಲ್ಲಿ ಮತ್ತೆ ಬೀದಿಗೆ ಬೀಳುತ್ತವೆ. ನಾಯಿಯನ್ನು ಎತ್ತಿಕೊಂಡು ಬರುವುದು ಈ ಕೆಲಸದ ಸುಲಭದ ಭಾಗ. ಅದಕ್ಕೆ ತಕ್ಕ ಮನೆಯನ್ನು ಆರಿಸುವುದೇ ಕಷ್ಟದ ಭಾಗ.

ಮೊದಲು, ಆ ನಾಯಿಗೆ ನಿಜವಾಗಿಯೂ ಮನೆ ಬೇಕೇ ಎಂಬುದನ್ನು ತೀರ್ಮಾನಿಸಬೇಕು. ತನ್ನ ಓಣಿಯಲ್ಲಿ ಬೆಳೆದು, ಅಲ್ಲಿನವರ ಅನ್ನ ತಿಂದು ಆರೋಗ್ಯವಾಗಿರುವ ದೊಡ್ಡ ನಾಯಿಯನ್ನು ಹಿಡಿದು ತರುವುದು ರಕ್ಷಣೆಯಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲಿಯೇ ಬಿಡಬೇಕು. ಮನೆ ಹುಡುಕಬೇಕಾದದ್ದು ತಾಯಿಯನ್ನು ಕಳೆದುಕೊಂಡ ಮರಿಗಳಿಗೆ, ಅಪಘಾತದಲ್ಲಿ ಕಾಲು ಅಥವಾ ಕಣ್ಣು ಕಳೆದುಕೊಂಡವುಗಳಿಗೆ, ಮತ್ತು ಸಾಕಿದವರೇ ತಂದು ಬಿಟ್ಟುಹೋದ ನಾಯಿಗಳಿಗೆ. ತಾಯಿ ಜೊತೆಗಿರುವ ಮರಿಗಳನ್ನು ಎಂಟು ವಾರ ತುಂಬುವವರೆಗೆ ಬೇರ್ಪಡಿಸಬಾರದು. ಆ ಅವಧಿಯಲ್ಲಿ ತಾಯಿಗೆ ಊಟ ಹಾಕಿದರೆ ಮರಿಗಳನ್ನು ನೋಡಿಕೊಂಡಂತೆಯೇ.

ಹಿಡಿಯುವಾಗ ದಪ್ಪ ಬಟ್ಟೆ ಅಥವಾ ಕೈಗವಸು ಇರಲಿ. ಹಲ್ಲು ತಾಗಿ ಚರ್ಮ ಸ್ವಲ್ಪ ಕಿತ್ತರೂ ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಈ ಕೆಲಸವನ್ನು ಪದೇ ಪದೇ ಮಾಡುವವರು ಮುಂಜಾಗ್ರತೆಯ ರೇಬಿಸ್ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರಬೇಕು.

ತಂದ ನಾಯಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮನೆಯನ್ನು ಸ್ವಯಂಸೇವಕರು ಫಾಸ್ಟರ್ ಮನೆ ಎನ್ನುತ್ತಾರೆ. ಅಲ್ಲಿ ಮೊದಲ ಹದಿನಾಲ್ಕು ದಿನ ಅದನ್ನು ಬೇರೆ ನಾಯಿಗಳಿಂದ ದೂರ ಇಡಬೇಕು, ಏಕೆಂದರೆ ಪಾರ್ವೊ ಎಂಬ ಮಾರಕ ವೈರಾಣುವಿನ ಸೋಂಕು ತಗುಲಿದ ಮರಿ ಮೊದಲ ಕೆಲವು ದಿನ ಚೆನ್ನಾಗಿಯೇ ಆಡಿಕೊಂಡಿದ್ದು ಆಮೇಲೆ ಒಮ್ಮೆಲೇ ವಾಂತಿ, ರಕ್ತಭೇದಿಗೆ ಬೀಳುತ್ತದೆ. ನೆಲಕ್ಕೆ ಫಿನಾಯಿಲ್ ಹಾಕಿದೆವೆಂದು ನಿಶ್ಚಿಂತರಾಗಬೇಡಿ: ಪಾರ್ವೊ ವೈರಾಣುವನ್ನು ಫಿನಾಯಿಲ್‌ನಿಂದ ಕೊಲ್ಲಲಾಗದು. ಮೂವತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ, ಹತ್ತು ನಿಮಿಷ ನೆಲದ ಮೇಲೆ ನಿಲ್ಲಲು ಬಿಟ್ಟು ತೊಳೆಯಿರಿ. ದನಕರುಗಳಿಗೆಂದು ಮಾರುವ ಉಣುಗಿನ ಔಷಧವನ್ನು ಅಂದಾಜಿನಲ್ಲಿ ನೀರು ಬೆರೆಸಿ ಮರಿಯ ಮೈಗೆ ಹಚ್ಚುವ ಅಗ್ಗದ ಉಪಾಯವನ್ನು ಅಂಗಡಿಯವರೇ ಹೇಳಿಕೊಡುವುದುಂಟು. ಅದರಿಂದ ಮರಿಯ ಜೀವಕ್ಕೇ ಅಪಾಯ. ಆಕಳ ಹಾಲು ಎಷ್ಟೋ ಮರಿಗಳಿಗೆ ಭೇದಿ ತರುತ್ತದೆ. ಜಂತುಹುಳದ ಔಷಧ, ಆರರಿಂದ ಎಂಟನೇ ವಾರಕ್ಕೆ ಮೊದಲ ಲಸಿಕೆ, ಬಳಿಕ ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಮೂರು ತಿಂಗಳಿಗೆ ರೇಬಿಸ್ ಲಸಿಕೆ: ಇವನ್ನು ಪಶುವೈದ್ಯರು ಪುಸ್ತಕದಲ್ಲಿ ಬರೆದುಕೊಡುತ್ತಾರೆ.

ಫೋಟೊ ಮತ್ತು ಪ್ರಕಟಣೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಗಲು ಬೆಳಕಿನ ಒಂದು ಚಿತ್ರ, ವಯಸ್ಸು, ಲಿಂಗ, ಸ್ವಭಾವ, ಇರುವ ಕಾಯಿಲೆ, ಇಷ್ಟು ಸಾಕು. ಬೀದಿ ಮರಿಯನ್ನು ಲ್ಯಾಬ್ರಡಾರ್ ಮಿಶ್ರ ತಳಿ ಎಂದು ಬರೆಯುವ ಜಾಣತನ ಬೇಡ.

ಪ್ರಕಟಣೆಯ ಬೆನ್ನಿಗೇ ಕರೆಗಳು ಬರುತ್ತವೆ. ಬಹುಪಾಲು ಕರೆಗಳು “ಗಂಡು ಮರಿ ಇದ್ದರೆ ಹೇಳಿ” ಎಂದೇ ಶುರುವಾಗುತ್ತವೆ. ಹೆಣ್ಣು ಮರಿ ಬೇಡವೆನ್ನುವವರಿಗೆ ಸಂತಾನಹರಣದ ಬಗ್ಗೆ ತಿಳಿಹೇಳಿದರೆ ಕೆಲವರಾದರೂ ಮನಸ್ಸು ಬದಲಿಸುತ್ತಾರೆ. ಕರೆಯಲ್ಲಿ ಕೇಳಬೇಕಾದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದೆ ಸಾಕಿದ ನಾಯಿ ಏನಾಯಿತು ಎಂಬುದು. ವಯಸ್ಸಾಗಿ ತೀರಿಕೊಂಡಿತು ಎಂದರೆ ಮಾತು ಮುಂದುವರಿಸಬಹುದು; ಎಲ್ಲಿಗೋ ಹೋಯಿತು, ಊರಿಗೆ ಕಳಿಸಿದೆವು ಎಂಬ ಉತ್ತರ ಬಂದರೆ ಇನ್ನಷ್ಟು ಕೆದಕಿ ಕೇಳಬೇಕು. ಬಾಡಿಗೆ ಮನೆಯಾದರೆ ಮಾಲೀಕರೊಡನೆ ನೇರವಾಗಿ ಮಾತನಾಡದೆ ಹೆಜ್ಜೆ ಮುಂದಿಡಬಾರದು. ನಮ್ಮದು ಕಾಲೇಜುಗಳ ಊರು; ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿಗಳ ಪ್ರೀತಿ ನಿಜವಾದದ್ದೇ ಇರಬಹುದು, ಆದರೆ ಪರೀಕ್ಷೆ ಮುಗಿದು ಅವರು ತಮ್ಮ ಊರಿಗೆ ಹೊರಟ ದಿನ ನಾಯಿ ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರವಿರುವುದಿಲ್ಲವಾದ್ದರಿಂದ ಅವರಿಗೆ ಕೊಡಲೇಬೇಡಿ ಎಂಬುದು ನನ್ನ ಖಚಿತ ಸಲಹೆ. ಮಕ್ಕಳ ಹುಟ್ಟುಹಬ್ಬದ ಉಡುಗೊರೆಗೆಂದು ಕೇಳುವವರಿಗೂ ಇದೇ ಮಾತು.

ಫೋನಿನಲ್ಲಿ ಒಪ್ಪಿಗೆಯಾದ ಮನೆಯನ್ನು ಕಣ್ಣಾರೆ ನೋಡಲೇಬೇಕು. ಮನೆಯವರೆಲ್ಲ ಇರುವ ಸಂಜೆಯ ಹೊತ್ತಿಗೆ ಹೋಗಿ, ಕೇಳಿದವರ ಜೊತೆಗಿಂತ ಕೇಳದವರ ಜೊತೆ ಹೆಚ್ಚು ಮಾತನಾಡಬೇಕು, ಏಕೆಂದರೆ ಮಗನ ಆಸೆಗೆ ಬಂದ ನಾಯಿಯ ಕಸ ಬಳಿಯುವವರು ತಾಯಿಯಾಗಿರುತ್ತಾರೆ, ಅವರು ಒಲ್ಲೆನೆಂದರೆ ಆ ಮನೆಯಲ್ಲಿ ನಾಯಿ ನಿಲ್ಲುವುದಿಲ್ಲ. ಗೇಟಿನ ಸರಳುಗಳ ನಡುವೆ ಮರಿಯ ತಲೆ ತೂರುವಷ್ಟು ಸಂದಿ ಇದೆಯೇ, ತಾರಸಿಗೆ ಎತ್ತರದ ಕಟ್ಟೆ ಇದೆಯೇ, ಮಧ್ಯಾಹ್ನದ ಬಿಸಿಲಿಗೆ ನೆರಳು ಎಲ್ಲಿ, ರಾತ್ರಿ ನಾಯಿ ಮಲಗುವುದೆಲ್ಲಿ ಎಂಬುದನ್ನೆಲ್ಲ ನೋಡಬೇಕು. ಮೊಟ್ಟೆ ಮಾಂಸ ತರದ ಮನೆ ಎಂಬುದು ಬೇಡವೆನ್ನಲು ಕಾರಣವಲ್ಲ, ಆದರೆ ಮೊಸರನ್ನವೊಂದೇ ಸಾಲದು, ಚೀಲದಲ್ಲಿ ಬರುವ ನಾಯಿ ಆಹಾರವನ್ನಾದರೂ ತರಬೇಕೆಂದು ಮೊದಲೇ ಒಪ್ಪಿಸಿಕೊಳ್ಳಬೇಕು.

ಚನ್ನಗಿರಿ ಕಡೆಯ ಅಡಿಕೆ ತೋಟಗಳಿಂದ ಕಾವಲಿಗೆ ನಾಯಿ ಕೇಳಿಕೊಂಡು ಬರುವವರ ವಿಷಯ ಬೇರೆಯೇ. ತೋಟದಲ್ಲಿಯೇ ಕುಟುಂಬ ವಾಸವಿದ್ದು ನಾಯಿ ಓಡಾಡಿಕೊಂಡಿರುವುದಾದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಬೆಳಿಗ್ಗೆ ಆಳು ಬಂದು ಅನ್ನ ಹಾಕಿ ಹೋಗುವ, ಉಳಿದ ಹೊತ್ತೆಲ್ಲ ನಾಯಿ ಸರಪಳಿಯಲ್ಲಿರುವ ತೋಟಕ್ಕೆ ಕೊಡಬಾರದು. ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಅಪರಾಧವೂ ಹೌದು. ಇಂಥ ಕಡೆ ಇಲ್ಲವೆನ್ನಲು ಸ್ವಯಂಸೇವಕರು ಸಂಕೋಚಪಡುತ್ತಾರೆ, ಕೇಳಿದವರು ನೆಂಟರೋ ಪರಿಚಯಸ್ಥರೋ ಆಗಿದ್ದರಂತೂ ಇನ್ನೂ ಕಷ್ಟ. ಕಾರಣಗಳ ಪಟ್ಟಿ ಒಪ್ಪಿಸದೆ, ಈ ನಾಯಿಗೆ ಈ ಮನೆ ಹೊಂದುವುದಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಒಳ್ಳೆಯದು.

ಒಪ್ಪಿದ ಮನೆಯವರಿಂದ ಒಂದು ಪುಟದ ಕರಾರು ಬರೆಸಿಕೊಳ್ಳಿ. ಸುಮಾರು ಆರು ತಿಂಗಳಿಗೆ ಪಶುವೈದ್ಯರನ್ನು ಕೇಳಿ ಸಂತಾನಹರಣ, ಕಾಲಕಾಲಕ್ಕೆ ಲಸಿಕೆ, ಬೇರೆಯವರಿಗೆ ದಾಟಿಸದಿರುವುದು, ಸಾಕಲಾಗದಿದ್ದರೆ ನಮಗೇ ಮರಳಿಸುವುದು ಅದರಲ್ಲಿರಲಿ. ನಾಯಿಗೆ ಹಣ ಪಡೆಯುವುದು ನನಗೆ ಒಪ್ಪಿಗೆಯಿಲ್ಲ, ಆದರೆ ಮುಂದಿನ ಲಸಿಕೆಯ ಖರ್ಚನ್ನು ಅವರೇ ಕೊಡಲಿ. ಅದಕ್ಕೂ ಹಿಂದೆಮುಂದೆ ನೋಡುವವರಿಗೆ ನಾಯಿ ಭಾರವೇ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ದತ್ತು ಪಡೆದ ಬೀದಿ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ದತ್ತು ಪಡೆದವರದ್ದೆಂದು ಹೇಳಿದೆ. ಇದನ್ನೂ ಓದಿ ಹೇಳಿ.

ಒಪ್ಪಿಸುವ ದಿನ ನಾಯಿಯನ್ನು ಬೈಕಿನಲ್ಲಿ ಒಯ್ಯಬೇಡಿ, ಆಟೊ ಅಥವಾ ಕಾರು ಇರಲಿ. ನಾಯಿ ತಪ್ಪಿಸಿಕೊಳ್ಳುವ ಸಂಭವ ಮೊದಲ ಕೆಲವು ದಿನಗಳಲ್ಲಿಯೇ ಹೆಚ್ಚು, ಅದೂ ತೆರೆದ ಗೇಟಿನಿಂದ. ಆದ್ದರಿಂದ ಕೊರಳಪಟ್ಟಿಯ ಜೊತೆಗೆ ಎದೆಪಟ್ಟಿಯೂ, ಫೋನ್ ಸಂಖ್ಯೆ ಕೆತ್ತಿದ ಬಿಲ್ಲೆಯೂ ಇರಬೇಕು. ಪಟಾಕಿಯ ಸದ್ದಿಗೆ ಬೆದರುವುದರಿಂದ ದೀಪಾವಳಿಯ ವಾರ ಬೇಡ. ದುಗ್ಗಮ್ಮನ ಜಾತ್ರೆ ಬರುವ ವರ್ಷ ಮನೆಗಳಲ್ಲಿ ನೆಂಟರು ತುಂಬಿ ಗೇಟು ಮುಚ್ಚುವವರೇ ಇರುವುದಿಲ್ಲವಾದ್ದರಿಂದ ಆ ದಿನಗಳೂ ಬೇಡ. ಮೊದಲ ವಾರ ಫಾಸ್ಟರ್ ಮನೆಯ ಊಟವೇ ಮುಂದುವರಿಯಲಿ.

ಮರುದಿನ, ವಾರದ ಬಳಿಕ, ತಿಂಗಳ ಬಳಿಕ ವಿಚಾರಿಸಿ. ಮುಖದ ಫೋಟೊ ಬೇಡ, ನಿಂತ ನಾಯಿಯ ಪೂರ್ತಿ ಫೋಟೊ ಕೇಳಿ. ಪಕ್ಕೆಲುಬು ಎದ್ದಿದೆಯೇ, ಕೊರಳಲ್ಲಿ ಸರಪಳಿಯ ಗುರುತಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಮರಳಿಸುತ್ತೇವೆಂದು ಯಾರಾದರೂ ಹೇಳಿದರೆ ಜಗಳವಾಡದೆ ಕರೆತನ್ನಿ, ಬೈದರೆ ಮುಂದಿನವರು ಹೇಳದೆಯೇ ಹೆದ್ದಾರಿ ಪಕ್ಕ ಬಿಟ್ಟುಬರುತ್ತಾರೆ. ಏಕೆ ಮರಳಿಸಿದರೆಂಬುದನ್ನು ಮಾತ್ರ ವಿವರವಾಗಿ ಬರೆದಿಟ್ಟುಕೊಂಡು, ಮುಂದೆ ಅದೇ ನಾಯಿಯನ್ನು ಕೇಳಿಕೊಂಡು ಬರುವ ಮನೆಯವರಿಗೆ ಮೊದಲ ಕರೆಯಲ್ಲಿಯೇ ತಿಳಿಸಬೇಕು.