ರಾತ್ರಿಯ ಕಣ್ಣೊತ್ತಡವನ್ನು ಲೆನ್ಸ್ ಮೂಲಕ ದಾಖಲಿಸಿದ ಅನುಭವ

ನನ್ನ ಬಳಿ ಚಿಕಿತ್ಸೆ ಪಡೆಯುತ್ತಿರುವ ಗ್ಲಾಕೋಮಾ (ಕಣ್ಣಿನ ನರ ಹಾನಿಗೊಳ್ಳುವ ಕಾಯಿಲೆ) ರೋಗಿಯೊಬ್ಬರ ಕಣ್ಣೊತ್ತಡ ಅಳೆದಾಗಲೆಲ್ಲ 14–15 ಮಿಲಿಮೀಟರ್ ಪಾದರಸದಷ್ಟೇ, ಅಂದರೆ ಸಹಜ ಮಿತಿಯೊಳಗೇ ಇರುತ್ತಿತ್ತು. ದೃಷ್ಟಿಕ್ಷೇತ್ರ (ಒಮ್ಮೆಗೆ ಕಾಣುವ ವ್ಯಾಪ್ತಿ) ಮಾತ್ರ ಕುಗ್ಗುತ್ತಲೇ ಇತ್ತು. ನಾವು ಅಳೆಯುವುದು ಹಗಲಿನಲ್ಲಿ, ಕುಳಿತ ಭಂಗಿಯಲ್ಲಿ. ಮಲಗಿದಾಗ ಒತ್ತಡ ಏರುವುದು ಗೊತ್ತಿದ್ದರೂ ಆ ಹೊತ್ತಿನಲ್ಲಿ ಅಳೆಯಲು ನಾವು ಅಲ್ಲಿರುವುದಿಲ್ಲ. ಹಾಗಾಗಿ ಟ್ರಿಗರ್‌ಫಿಶ್ ಎಂಬ, ಕಣ್ಣಿನ ಮೇಲೆ ಧರಿಸುವ ಸಂವೇದಕ ಲೆನ್ಸನ್ನು ಬಳಸಲು ನಿರ್ಧರಿಸಿದೆ.

ಈ ಸಿಲಿಕೋನ್ ಲೆನ್ಸ್, ಒತ್ತಡ ಬದಲಾದಂತೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಅಂಚಿನ ಸುತ್ತಳತೆಯಲ್ಲಾಗುವ ಅತಿ ಸಣ್ಣ ಹಿಗ್ಗು-ಕುಗ್ಗುಗಳನ್ನು ಐದು ನಿಮಿಷಕ್ಕೊಮ್ಮೆ, 30 ಸೆಕೆಂಡುಗಳ ಕಾಲ ಗ್ರಹಿಸುತ್ತದೆ. 24 ಗಂಟೆಗೆ 288 ದಾಖಲೆಗಳು. ಕಣ್ಣಿನ ಸುತ್ತ ಅಂಟಿಸುವ ಆಂಟೆನಾದಿಂದ ಸಣ್ಣ ತಂತಿಯೊಂದು ರೋಗಿ ಹೊತ್ತು ತಿರುಗುವ ರೆಕಾರ್ಡರ್‌ಗೆ ಹೋಗುತ್ತದೆ. ರೋಗಿಗೆ ಹಾಕುವ ಮುನ್ನ ಒಂದು ರಾತ್ರಿ ನಾನೇ ಧರಿಸಿ ನೋಡಿದೆ. ಲೆನ್ಸಿಗಿಂತ ತಂತಿಯೇ ಹೆಚ್ಚು ಕಾಡಿತು: ಮಗ್ಗಲು ಬದಲಿಸಿದಾಗಲೆಲ್ಲ ಅದು ದಿಂಬಿನಡಿ ಸಿಕ್ಕಿ ಎಳೆಯುತ್ತಿತ್ತು. ಬೆಳಿಗ್ಗೆ ಕಣ್ಣು ಕೆಂಪಾಗಿ, ನೋಟ ತುಸು ಮಂಜಾಗಿತ್ತು.

ರೋಗಿಯ ಮೊದಲ ದಾಖಲೆ ಕೆಟ್ಟಿತು. ಕೆನ್ನೆಗೆ ಹಚ್ಚಿದ್ದ ಕ್ರೀಮನ್ನು ಒರೆಸದೆ ಆಂಟೆನಾ ಅಂಟಿಸಿದ್ದು ನನ್ನದೇ ತಪ್ಪು. ನಡುರಾತ್ರಿ ಅದು ಕಿತ್ತುಬಂದು, ನನಗೆ ಬೇಕಿದ್ದ ಗಂಟೆಗಳೇ ಖಾಲಿ ಉಳಿದವು. ಎರಡನೆಯ ಬಾರಿ ಚರ್ಮವನ್ನು ಚೆನ್ನಾಗಿ ತೊಳೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿದೆ. ಮಲಗಿದ್ದು, ಎದ್ದದ್ದು, ಹನಿ ಹಾಕಿಕೊಂಡದ್ದು ಎಲ್ಲವನ್ನೂ ಗಂಟೆ ಸಮೇತ ಬರೆದಿಡುವಂತೆ ಹೇಳಿದೆ. ಆ ಚೀಟಿಯಿಲ್ಲದಿದ್ದರೆ ಗ್ರಾಫನ್ನು ಓದುವುದು ಊಹೆಯಷ್ಟೇ ಆಗುತ್ತಿತ್ತು.

ಗ್ರಾಫ್ ಅವರು ಮಲಗಿದ ಕೂಡಲೇ ಏರತೊಡಗಿ, ನಸುಕಿನವರೆಗೂ ಇಳಿಯಲಿಲ್ಲ. "ಹಾಗಾದರೆ ರಾತ್ರಿ ಎಷ್ಟಿತ್ತು ಡಾಕ್ಟ್ರೇ?" ಎಂದು ಅವರು ಕೇಳಿದರು. ಅದಕ್ಕೆ ಉತ್ತರ ಈ ಸಾಧನದಲ್ಲಿಲ್ಲ. ಅದು ಕೊಡುವುದು ಮಿಲಿವೋಲ್ಟ್‌ಗೆ ಸಮನಾದ ಅಂಕಿಯನ್ನೇ ಹೊರತು ಪಾದರಸದ ಅಳತೆಯನ್ನಲ್ಲ. ಏರಿದ್ದು ಯಾವಾಗ ಎಂದು ಹೇಳಬಹುದು, ಎಷ್ಟು ಎಂದು ಹೇಳಲಾಗದು. ಲೆನ್ಸ್ ಧರಿಸುವ ಮೊದಲೇ ಇದನ್ನು ರೋಗಿಗೆ ತಿಳಿಸಬೇಕೆಂಬುದು ನನಗೆ ಆಗ ಹೊಳೆಯಿತು.

ಆದರೂ ಚಿಕಿತ್ಸೆ ಬದಲಿಸಲು ಆ 'ಯಾವಾಗ' ನೆರವಾಯಿತು. ಅವರು ಹಾಕಿಕೊಳ್ಳುತ್ತಿದ್ದುದು ಕಣ್ಣೊತ್ತಡ ಇಳಿಸುವ ಟಿಮೊಲಾಲ್ ಹನಿ. ನಿದ್ದೆಯ ಹೊತ್ತಿನಲ್ಲಿ ಅದರ ಪರಿಣಾಮ ತೀರಾ ಕಡಿಮೆ. ರಾತ್ರಿಯೂ ಕೆಲಸ ಮಾಡುವ ಪ್ರೊಸ್ಟಾಗ್ಲಾಂಡಿನ್ ವರ್ಗದ ಹನಿಗೆ ಬದಲಿಸಿದ್ದೇನೆ. ದೃಷ್ಟಿಕ್ಷೇತ್ರದ ಮುಂದಿನ ಪರೀಕ್ಷೆ ಇನ್ನೂ ಆಗಬೇಕಿದೆ.