ಎಂಟು ವಾರಕ್ಕೆ ನಿಲ್ಲಿಸಿದ್ದೇ ತಪ್ಪಾಗಿತ್ತು

ವರ್ಷಗಟ್ಟಲೆ ಫಿಟ್ಸ್ (ಅಪಸ್ಮಾರ) ಮಾತ್ರೆ ನುಂಗುವವರಲ್ಲಿ ವಿಟಮಿನ್ ಡಿ ಇಳಿದು ಮೂಳೆ ಸೊರಗುತ್ತದೆ ಎಂದಾಗ, "ಕಡಲ ದಂಡೆಯವರಿಗೆ ವಿಟಮಿನ್ ಡಿ ಕೊರತೆಯೇ?" ಎಂದು ಉಡುಪಿಯ ವೈದ್ಯ ಮಿತ್ರರು ನಕ್ಕಿದ್ದರು. ಈಗ ಅವರೇ ಫಿಟ್ಸ್ ರೋಗಿಗಳನ್ನು ಬ್ರಹ್ಮಾವರದ ನನ್ನ ಕ್ಲಿನಿಕ್ಕಿಗೆ ಕಳುಹಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲು ಸಿಕ್ಕಿದ್ದು ಬೀಡಿ ಕಟ್ಟುವ ಒಬ್ಬ ಹೆಂಗಸು. 18 ವರ್ಷದಿಂದ ಫೆನಿಟಾಯಿನ್ ಎಂಬ ಫಿಟ್ಸ್ ಮಾತ್ರೆ. ಸೊಂಟನೋವು, ಬಾತುಕೋಳಿಯ ನಡಿಗೆ, ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೂ ಕೈ ಹಿಡಿಯಬೇಕು. ನಾನೂ ಸೇರಿ ಮೂವರು ವೈದ್ಯರು ವಾತವೆಂದು ನೋವಿನ ಮಾತ್ರೆ ಕೊಟ್ಟು ಒಂದು ವರ್ಷ ಹಾಳು ಮಾಡಿದೆವು. ಕೊನೆಗೆ ರಕ್ತ ನೋಡಿದರೆ, ಮೂಳೆ ಸೊರಗಿದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ 400ರ ಆಸುಪಾಸು, ವಿಟಮಿನ್ ಡಿ ಎಂಟೋ ಒಂಬತ್ತೋ, ತೀರಾ ಕಡಿಮೆ. ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿಯ ಪೊಟ್ಟಣ, ಜೊತೆಗೆ ಕ್ಯಾಲ್ಸಿಯಂ ಕೊಟ್ಟೆ. ಎರಡು ತಿಂಗಳಲ್ಲಿ ಡಿ 30 ದಾಟಿ ಸರಿಹೋಯಿತು. ವಾಡಿಕೆಯಂತೆ ಎಂಟು ವಾರಕ್ಕೆ ಪೊಟ್ಟಣ ನಿಲ್ಲಿಸಿದೆ. ಆರು ತಿಂಗಳಿಗೆ ಮತ್ತೆ 12! ಯಕೃತ್ತನ್ನು ಕೆಣಕಿ ಡಿಯನ್ನು ಕರಗಿಸುವ ಕೆಲಸವನ್ನು ಫೆನಿಟಾಯಿನ್ ನಿಲ್ಲಿಸಿರಲಿಲ್ಲ, ಪೊಟ್ಟಣವನ್ನು ನಾನು ನಿಲ್ಲಿಸಿದ್ದೆ. ಈಗ ಫಿಟ್ಸ್ ಮಾತ್ರೆ ಇರುವಷ್ಟು ಕಾಲ ಪೊಟ್ಟಣವೂ ಇರುತ್ತದೆ. ಯಾರಿಗೆ ಎಷ್ಟು ದಿನಕ್ಕೊಂದು ಎಂಬ ನನ್ನ ಲೆಕ್ಕ ನನ್ನಲ್ಲೇ ಇರಲಿ. ಕ್ಯಾಲ್ಸಿಯಂ ಮಾತ್ರ ಫೆನಿಟಾಯಿನ್‌ನಿಂದ ಎರಡು ಗಂಟೆ ದೂರ.

ಬಿಸಿಲಿಗೆ ಕೂರಿ ಎಂದರೆ, "ಎಲೆ ಒಣಗುತ್ತದೆ ಡಾಕ್ಟರೇ, ಕಂಪನಿಯ ಬ್ರಾಂಚಿನಲ್ಲಿ ಬೀಡಿ ತಿರಸ್ಕರಿಸುತ್ತಾರೆ" ಎಂದರು. ಮಳೆಗಾಲದ ನಾಲ್ಕು ತಿಂಗಳಂತೂ ಕೇಳುವುದೇ ಬೇಡ. ಬೂತಾಯಿ ಮೀನನ್ನು ಮುಳ್ಳು ಸಮೇತ ತಿನ್ನಿಸಿಯೂ ನೋಡಿದೆ. ವರದಿ ಅಲುಗಾಡಲಿಲ್ಲ, ನಮ್ಮ ಮನೆಗೂ ಒಂದು ಪಾತ್ರೆ ಗಸಿ ಬಂತು, ಅಷ್ಟೇ ಲಾಭ.

ಡಿ ಪರೀಕ್ಷೆಗೆ ಆಗ 1,300 ರೂಪಾಯಿ, ಅಂದರೆ ಅವರ ಐದಾರು ದಿನದ ಬೀಡಿ ಕೂಲಿ. ಅದಕ್ಕೇ ಮೊದಲು 150 ರೂಪಾಯಿಯ ಫಾಸ್ಫಟೇಸ್ ಮಾಡಿಸುತ್ತೇನೆ. ಫಿಟ್ಸ್ ಮಾತ್ರೆಯಿಂದಲೇ ಅದು ತುಸು ಏರುತ್ತದೆ, ಸರಿಯಿದ್ದ ಮಾತ್ರಕ್ಕೆ ಮೂಳೆ ಗಟ್ಟಿ ಎಂದೂ ಅಲ್ಲ. ನಡಿಗೆ ನೋಡಿಯೇ ಮುಂದಿನ ಖರ್ಚು.

ದೊಡ್ಡ ಪೆಟ್ಟು ಬಿದ್ದದ್ದು ನನ್ನ ನಾಲಿಗೆಯಿಂದ. ಮಲ್ಪೆಯ ದೋಣಿ ಕೆಲಸದವನೊಬ್ಬನಿಗೆ "ಈ ಮಾತ್ರೆ ಮೂಳೆ ತಿನ್ನುತ್ತದೆ" ಎಂದುಬಿಟ್ಟೆ. ಅವನು ಮಾತ್ರೆಯನ್ನೇ ಬಿಟ್ಟ. ವಾರದೊಳಗೆ ಫಿಟ್ಸ್ ಬಂದು ಬಿದ್ದು ಕಾಲರ್ ಮೂಳೆ ಮುರಿದುಕೊಂಡ. ಅಂದಿನಿಂದ "ಒಂದು ದಿನವೂ ತಪ್ಪಿಸಬಾರದು" ಎಂದ ಮೇಲೆಯೇ ಮೂಳೆಯ ಮಾತು. ಇನ್ನೊಬ್ಬರು ಪೊಟ್ಟಣವನ್ನು ದಿನವೂ ನುಂಗಿ ವಾಂತಿ ಮಾಡಿಕೊಂಡು ಬಂದರು, ಕ್ಯಾಲ್ಸಿಯಂ ಏರಿತ್ತು. ಈಗ ಪೊಟ್ಟಣಕ್ಕೆ ವಾರದ ಸಂತೆಯ ದಿನವನ್ನೇ ಗೊತ್ತು ಮಾಡುತ್ತೇನೆ.

ಸದ್ಯ ವಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆ ನುಂಗುವ ನಾಲ್ವರ ಹಿಂದೆ ಬಿದ್ದಿದ್ದೇನೆ. ಅದು ಫೆನಿಟಾಯಿನ್‌ನಂತೆ ಯಕೃತ್ತನ್ನು ಕೆಣಕುವುದಿಲ್ಲ, ಡಿ ಎಲ್ಲರಲ್ಲೂ ಸರಿಯಿದೆ. ಆದರೂ ಇಬ್ಬರ ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ) ಕಡಿಮೆ ಬಂದಿದೆ. ದೀಪಾವಳಿ ಕಳೆದ ಮೇಲೆ ಮತ್ತೆ ಮಾಡಿಸಬೇಕು.